ಓದುಗರ ಪ್ರಶ್ನೆ: ಡಿವಿಡಿ ಡ್ರೈವ್ ತನ್ನ ಬಗ್ಗೆ ಏನು ಹೇಳುತ್ತದೆ?

ಪ್ರಶ್ನೆ: ಹೊಸ ಡಿವಿಡಿ ರೈಟರ್‌ನ ಡಬ್ಬದ ಮೇಲೆ ಎಲ್‌ಜಿ ಎಂದಿದೆ. ಕಂಪ್ಯೂಟರ್ ಮಾತ್ರ ‘ಎಚ್‌ಎಲ್-ಡಿಟಿ-ಎಸ್‌ಟಿ’ ಎನ್ನುತ್ತದೆ. ನಕಲಿ ಮಾಲು ಕೊಟ್ಟಿದ್ದಾರೆಯೇ?
— ಓದುಗರು, ಹಾಸನ

ಆ ಹೆಸರು ಕಂಡ ಮಾತ್ರಕ್ಕೆ ನಕಲಿ ಎನ್ನಲಾಗದು. ಅದು ಹಿಟಾಚಿ-ಎಲ್‌ಜಿ ಡೇಟಾ ಸ್ಟೋರೇಜ್ ಎಂಬ ಜಂಟಿ ಕಂಪನಿಯ ಗುರುತು. ವಿಂಡೋಸ್ ಅದನ್ನು ಊಹಿಸಿ ಬರೆದದ್ದೂ ಅಲ್ಲ. ಡ್ರೈವ್ ಸಿಕ್ಕಿದೊಡನೆ ಆಪರೇಟಿಂಗ್ ಸಿಸ್ಟಂ ‘ಇನ್‌ಕ್ವೈರಿ’ ಎಂಬ ಸ್ಕಸಿ ಆದೇಶ ಕಳಿಸುತ್ತದೆ. ಸ್ಕಸಿ ಎಂದರೆ ಕಂಪ್ಯೂಟರ್ ಡ್ರೈವ್‌ಗಳೊಂದಿಗೆ ಮಾತಾಡುವ ಆದೇಶಗಳ ಭಾಷೆ. ಫರ್ಮ್‌ವೇರ್‌ನಲ್ಲಿ, ಅಂದರೆ ಡ್ರೈವ್ ಒಳಗೇ ಇರುವ ಸಾಫ್ಟ್‌ವೇರ್‌ನಲ್ಲಿ, ಕಂಪನಿ ಬರೆದಿಟ್ಟದ್ದೇ ಉತ್ತರವಾಗಿ ಬರುತ್ತದೆ. ಡ್ರೈವನ್ನು ಕಂಪ್ಯೂಟರ್‌ಗೆ ಜೋಡಿಸುವ ಕೇಬಲ್ ಸಾಟಾ ಬಗೆಯದಾಗಿದ್ದರೂ ಒಳಗೆ ಓಡಾಡುವುದು ಸ್ಕಸಿ ಆದೇಶಗಳೇ. ಲಿನಕ್ಸ್‌ನಲ್ಲಿ ಡ್ರೈವ್‌ಗೆ ‘ಎಸ್‌ಆರ್0’ ಎಂಬ ಹೆಸರು ಬರುವುದೂ ಸ್ಕಸಿ ಸಿಡಿ ಡ್ರೈವರ್‌ನಿಂದ.

ಉತ್ತರದ ಮೊದಲ 36 ಬೈಟ್‌ಗಳಲ್ಲಿ ಬೇಕಾದದ್ದೆಲ್ಲ ಇರುತ್ತದೆ. ಮೊದಲ ಬೈಟ್‌ನಲ್ಲಿ ಸಾಧನದ ಜಾತಿ: 5 ಇದ್ದರೆ ಸಿಡಿ/ಡಿವಿಡಿ. ಮುಂದೆ ತಯಾರಕರಿಗೆ 8 ಅಕ್ಷರ, ಮಾಡೆಲ್‌ಗೆ 16, ಫರ್ಮ್‌ವೇರ್ ಆವೃತ್ತಿಗೆ 4. ಎಂಟೇ ಅಕ್ಷರದ ಜಾಗ ಆದ್ದರಿಂದ ಹೆಸರುಗಳೆಲ್ಲ ಕುಗ್ಗಿವೆ. ಪ್ಯಾನಸಾನಿಕ್ ಡ್ರೈವ್‌ಗಳು ಹಳೆಯ ‘ಮತ್ಸುಷಿತ’ ಹೆಸರನ್ನು ‘ಮ್ಯಾಟ್‌ಶಿಟಾ’ ಎಂದು ತೋರಿಸುತ್ತವೆ. ‘ಟಿಎಸ್‌ಎಸ್‌ಟಿಕಾರ್ಪ್’ ಕಂಡರೆ ತೋಷಿಬಾ-ಸ್ಯಾಮ್‌ಸಂಗ್, ‘ಪಿಎಲ್‌ಡಿಎಸ್’ ಕಂಡರೆ ಫಿಲಿಪ್ಸ್ ಮತ್ತು ಲೈಟ್-ಆನ್.

ಪೂರ್ತಿ ಗುರುತು ನೋಡಲು ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಸ್‌ಗೆ ಹೋಗಿ. ಮೊದಲ ಸಾಲಿನ ಕೊನೆಯ ನಾಲ್ಕು ಅಕ್ಷರ ಫರ್ಮ್‌ವೇರ್ ಆವೃತ್ತಿ. ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದು ‘ಡ್ರುಟಿಲ್ ಇನ್ಫೋ’ ಕೊಡಿ. ಫರ್ಮ್‌ವೇರ್ ಅಪ್‌ಡೇಟ್ ಮಾಡುವುದಾದರೆ ಈ ಮಾಡೆಲ್ ಹೆಸರನ್ನೇ ನಂಬಿ, ಡಬ್ಬದ ಹೆಸರನ್ನಲ್ಲ. ಯುಎಸ್‌ಬಿ ಡ್ರೈವ್ ಆದರೆ ಇನ್ನೊಂದು ಎಚ್ಚರ: ಲಿನಕ್ಸ್‌ನ ‘ಎಲ್‌ಎಸ್‌ಯುಎಸ್‌ಬಿ’ ಅನೇಕ ಸಲ ತೋರಿಸುವುದು ನಡುವಿನ ಸಾಟಾ-ಯುಎಸ್‌ಬಿ ಚಿಪ್ಪಿನ ಹೆಸರನ್ನು, ಡ್ರೈವ್‌ನದ್ದನ್ನಲ್ಲ.

ಪ್ರಶ್ನೆ: ಉಬುಂಟುವಿನಲ್ಲಿ ‘/ಪ್ರಾಕ್/ಸಿಸ್/ಡೆವ್/ಸಿಡಿರಾಮ್/ಇನ್ಫೋ’ ಫೈಲ್ ತೆರೆದರೆ ಬ್ಲೂ-ರೇ ಸುದ್ದಿಯೇ ಇಲ್ಲ. ನನ್ನದು ಬ್ಲೂ-ರೇ ರೈಟರ್.
— ಓದುಗರು, ಧಾರವಾಡ

ಆ ಪಟ್ಟಿ ಬ್ಲೂ-ರೇಗಿಂತ ಹಳೆಯದು. ಅದರಲ್ಲಿ ಸಿಡಿ-ಆರ್, ಡಿವಿಡಿ-ಆರ್, ಡಿವಿಡಿ-ರಾಮ್‌ಗೆ ಸಾಲುಗಳಿವೆ, ಬ್ಲೂ-ರೇಗೆ ಸಾಲೇ ಇಲ್ಲ. ಡ್ರೈವ್ ಕೆಟ್ಟಿದೆ ಎಂದು ಅರ್ಥವಲ್ಲ.

‘ಯುಡೆವ್‌ಅಡ್ಮ್ ಇನ್ಫೋ /ಡೆವ್/ಎಸ್‌ಆರ್0’ ಕೊಟ್ಟು ನೋಡಿ. ಲಿನಕ್ಸ್‌ನಲ್ಲಿ ಸಾಧನಗಳನ್ನು ಗುರುತಿಸುವ ಯುಡೆವ್, ಡ್ರೈವ್‌ಗೆ ‘ಗೆಟ್ ಕಾನ್ಫಿಗರೇಷನ್’ ಎಂಬ ಬೇರೆ ಆದೇಶ ಕಳಿಸಿ, ಯಾವ ಬಗೆಯ ಡಿಸ್ಕ್‌ಗಳನ್ನು ಬಲ್ಲೆ ಎಂದು ಕೇಳುತ್ತದೆ. ‘ಐಡಿ_ಸಿಡಿರಾಮ್_ಬಿಡಿ’ ಸಾಲಿದ್ದರೆ ಬ್ಲೂ-ರೇ ಓದುತ್ತದೆ, ‘ಬಿಡಿ_ಆರ್’ ಇದ್ದರೆ ಬರೆಯುತ್ತದೆ. ಹೆಸರಿನಲ್ಲಿ ‘ಮೀಡಿಯಾ’ ಎಂದಿರುವ ಸಾಲುಗಳು ಡ್ರೈವ್‌ಗೆ ಅಲ್ಲ, ಒಳಗಿರುವ ಡಿಸ್ಕ್‌ಗೆ ಸೇರಿದವು. ಟ್ರೇ ಖಾಲಿ ಇದ್ದರೆ ಅವು ಬರುವುದಿಲ್ಲ. ಈ ಎರಡನ್ನು ಕಲಸಿಕೊಂಡವರು ಒಳ್ಳೆಯ ಡ್ರೈವ್ ಬಿಸಾಡುತ್ತಾರೆ. ಡ್ರೈವ್ ಸಾಲುಗಳು ಸರಿಯಾಗಿದ್ದು, ಸಿಡಿ ಹಾಕಿದರೆ ಮೀಡಿಯಾ ಸಾಲು ಬಂದು, ಡಿವಿಡಿ ಹಾಕಿದರೆ ಬಾರದಿದ್ದರೆ ಸಾಫ್ಟ್‌ವೇರ್ ತಡಕಬೇಡಿ. ಸಿಡಿಗೆ 780, ಡಿವಿಡಿಗೆ 650, ಬ್ಲೂ-ರೇಗೆ 405 ನ್ಯಾನೊಮೀಟರ್ ಲೇಸರ್ ಬೇಕು. ಒಂದು ಸತ್ತರೂ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಮೊದಲು ಲೆನ್ಸ್ ಒರೆಸಿ, ಬೇರೆ ಡಿಸ್ಕ್ ಹಾಕಿ ನೋಡಿ.

ಅಂದಹಾಗೆ, ಕರ್ನಲ್ ಲಾಗ್‌ನಲ್ಲಿ (ಲಿನಕ್ಸ್ ತಾನೇ ಬರೆದಿಡುವ ದಾಖಲೆ) ಕಾಣುವ ‘24ಎಕ್ಸ್’ ವೇಗ ಸಿಡಿಯ ಲೆಕ್ಕ, 1ಎಕ್ಸ್‌ಗೆ ಸೆಕೆಂಡಿಗೆ ಸುಮಾರು 150 ಕಿಲೊಬೈಟ್. ಡಿವಿಡಿಯ 1ಎಕ್ಸ್ ಸುಮಾರು 1,385 ಕಿಲೊಬೈಟ್, ಬ್ಲೂ-ರೇಯದು 4.5 ಮೆಗಾಬೈಟ್. ಡಬ್ಬದ ಮೇಲಿನ ಅಂಕಿಯೊಂದಿಗೆ ಹೋಲಿಸಬೇಡಿ.

ಪ್ರಶ್ನೆ: ಯುಎಸ್‌ಬಿ ಡ್ರೈವ್ ಸಿಕ್ಕಿಸಿದರೆ ಕಾಣುತ್ತದೆ, ಡಿಸ್ಕ್ ತಿರುಗಿದೊಡನೆ ಮಾಯ.
— ಓದುಗರು, ಉಡುಪಿ

ಕರೆಂಟ್ ಸಾಲುತ್ತಿಲ್ಲ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ಡಿಸ್ಕ್ ಎದ್ದು ತಿರುಗುವ ಹೊತ್ತಿಗೆ ತೆಳು ಡ್ರೈವ್‌ಗೆ ಇದಕ್ಕಿಂತ ಹೆಚ್ಚು ಬೇಕಾಗಬಹುದು. ವೋಲ್ಟೇಜ್ ಬೀಳುತ್ತದೆ, ಚಿಪ್ ರೀಸೆಟ್ ಆಗುತ್ತದೆ. ಹಬ್ ಬಿಟ್ಟು ನೇರ ಪೋರ್ಟ್‌ಗೆ, ಗಿಡ್ಡ ಕೇಬಲ್‌ನಲ್ಲಿ ಹಾಕಿ. ಆಗಲೂ ಆಗದಿದ್ದರೆ ಎರಡು ಪ್ಲಗ್‌ನ ವೈ ಕೇಬಲ್, ಇಲ್ಲವೇ ಸ್ವಂತ ಅಡಾಪ್ಟರ್ ಇರುವ ಹಬ್.

ಪ್ರಶ್ನೆ: ಬರ್ನಿಂಗ್ ಸಾಫ್ಟ್‌ವೇರ್ ತೆಗೆದ ಮೇಲೆ ಡ್ರೈವ್ ಮೇಲೆ ಹಳದಿ ಗುರುತು, ‘ಕೋಡ್ 39’.
— ಓದುಗರು, ಬಳ್ಳಾರಿ

19, 31, 32, 39, 41 ಈ ಕೋಡ್‌ಗಳಲ್ಲಿ ಯಾವುದು ಬಂದರೂ ಮೊದಲ ಅನುಮಾನ ಒಂದೇ. ಬರ್ನಿಂಗ್ ಸಾಫ್ಟ್‌ವೇರ್‌ಗಳು ಡ್ರೈವ್ ಮತ್ತು ವಿಂಡೋಸ್ ನಡುವೆ ಫಿಲ್ಟರ್ ಡ್ರೈವರ್ ಎಂಬ ಮಧ್ಯವರ್ತಿ ಫೈಲ್ ತೂರಿಸುತ್ತವೆ. ಅನ್‌ಇನ್‌ಸ್ಟಾಲ್ ಮಾಡಿದಾಗ ಫೈಲ್ ಹೋಗಿ, ವಿಂಡೋಸ್ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ಹೆಸರು ಉಳಿಯುತ್ತದೆ. ಇಲ್ಲದ ಫಿಲ್ಟರ್‌ಗಾಗಿ ಹುಡುಕಿ ವಿಂಡೋಸ್ ಡ್ರೈವನ್ನೇ ನಿಲ್ಲಿಸಿಬಿಡುತ್ತದೆ.

‘ರೆಜ್‌ಎಡಿಟ್’ ತೆರೆದು ಲೋಕಲ್ ಮೆಷಿನ್, ಸಿಸ್ಟಂ, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಕ್ಲಾಸ್ ಒಳಗೆ ‘4ಡಿ36ಇ965’ ಎಂದು ಶುರುವಾಗುವ ಕೀಗೆ ಹೋಗಿ. ಬಲಗಡೆ ‘ಕ್ಲಾಸ್’ ಎದುರು ‘ಸಿಡಿರಾಮ್’ ಎಂದಿರಲೇಬೇಕು. ಅಕ್ಕಪಕ್ಕದ ‘4ಡಿ36ಇ967’ ಹಾರ್ಡ್‌ಡಿಸ್ಕ್‌ನದು. ಅಲ್ಲಿ ಅಪ್ಪರ್‌ಫಿಲ್ಟರ್ಸ್ ಅಳಿಸಿದರೆ ಕಂಪ್ಯೂಟರ್ ಬೂಟ್ ಆಗದೇ ಹೋಗಬಹುದು. ಕೀಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟು, ‘ಅಪ್ಪರ್‌ಫಿಲ್ಟರ್ಸ್’ ಮತ್ತು ‘ಲೋವರ್‌ಫಿಲ್ಟರ್ಸ್’ ಇದ್ದರೆ ಅವೆರಡನ್ನಷ್ಟೇ ಅಳಿಸಿ ರೀಸ್ಟಾರ್ಟ್ ಮಾಡಿ. ಐಟ್ಯೂನ್ಸ್‌ನಂಥವು ಆಮೇಲೆ ಸಿಡಿ ಬರೆಯಲು ತಕರಾರು ಮಾಡಿದರೆ ಅವನ್ನು ಮತ್ತೆ ಇನ್‌ಸ್ಟಾಲ್ ಮಾಡಿ.

ಪ್ರಶ್ನೆ: ಇರುವುದು ಒಂದು ಡ್ರೈವ್, ‘ದಿಸ್ ಪಿಸಿ’ಯಲ್ಲಿ ಎರಡು.
— ಓದುಗರು, ಮೈಸೂರು

ಯಾವುದೋ ಐಎಸ್‌ಒ ಫೈಲ್ (ಇಡೀ ಡಿಸ್ಕ್‌ನ ನಕಲು ಇರುವ ಫೈಲ್) ಮೇಲೆ ಡಬಲ್ ಕ್ಲಿಕ್ ಮಾಡಿರುತ್ತೀರಿ. ವಿಂಡೋಸ್ 8ರಿಂದ ಈಚೆಗೆ ಅದು ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಕೊಡಿ, ಹೋಗುತ್ತದೆ.