ಲಾರಿಯ ಮೈಮೇಲೆ ಬರೆಸಬೇಕಾದದ್ದು

ಬ್ಯಾಡಗಿಯಲ್ಲಿ ಕೊಂಡ ಹಳೆಯ ಲಾರಿಗೆ ಬಣ್ಣ ಹೊಡೆಸುವಾಗ ನಂಬರ್ ಪ್ಲೇಟನ್ನೂ ಪೇಂಟರ್ ಕೈಯಲ್ಲೇ ಬರೆಸಬಹುದೇ, ಬೇರೆ ಏನೇನು ಬರೆಸಬೇಕು ಎಂದು ಕೇಳಿದ್ದೀರಿ. ಪ್ಲೇಟನ್ನು ಖಂಡಿತ ಬರೆಸಬೇಡಿ ಸರ್. ಹಿಂದೆ ಮುಂದೆ ಎಚ್‌ಎಸ್‌ಆರ್‌ಪಿಯೇ (ಅತಿ ಸುರಕ್ಷಿತ ನೋಂದಣಿ ಫಲಕ) ಇರಬೇಕು: ಸರಕು ವಾಹನಕ್ಕೆ ಹಳದಿ ಫಲಕ, ಕಪ್ಪು ಅಕ್ಷರ, ಅಕ್ಷರದ ಎತ್ತರ 65 ಮಿಲಿಮೀಟರ್.

ಪೇಂಟರ್ ಕೆಲಸ ಇರುವುದು ಬಾಡಿಯ ಮೇಲೆ. ಎಡ, ಬಲ ಎರಡೂ ಪಕ್ಕದಲ್ಲಿ ನೋಂದಣಿ ಸಂಖ್ಯೆ ಬರೆಸಿ. ನಮ್ಮ ಕಡೆಯ ಪೇಂಟರ್‌ಗಳು ಕೆಎ 27ರ 7ಕ್ಕೆ ಬಾಲ ಎಳೆದು, ಅಂಚಿಗೆ ನೆರಳು ಕೊಟ್ಟು ಚಂದ ಮಾಡುತ್ತಾರೆ. ಆ ಕಲೆ ನನಗೂ ಇಷ್ಟ, ಆದರೆ ಅದು ದೇವರ ಹೆಸರಿಗೆ, ಮಕ್ಕಳ ಹೆಸರಿಗೆ ಇರಲಿ. ಸಂಖ್ಯೆ ಮಾತ್ರ ನೇರವಾಗಿ, ದೂರದಿಂದ ಓದುವಂತಿರಲಿ. ಮೆಣಸಿನಕಾಯಿ ಚೀಲ ಎತ್ತರಕ್ಕೆ ಹೇರಿ ತಾಡಪತ್ರಿ ಇಳಿಬಿಟ್ಟಾಗ ಪಕ್ಕದ ಸಂಖ್ಯೆ ಮುಚ್ಚಿಹೋಗುತ್ತದೆ. ಅದಕ್ಕೇ ಹಲಗೆಯ ಕೆಳಭಾಗದಲ್ಲಿ ಬರೆಸಿ.

ಖಾಲಿ ಲಾರಿಯ ತೂಕ, ಸರಕು ಸೇರಿದ ಒಟ್ಟು ತೂಕ, ಮಾಲೀಕರ ಹೆಸರು, ವಿಳಾಸವೂ ಬೇಕು. ತೂಕದ ಅಂಕಿಯನ್ನು ಹಳೆಯ ಬರಹ ನೋಡಿ ನಕಲು ಮಾಡಿಸಬೇಡಿ, ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇದ್ದಂತೆಯೇ ಬರೆಸಿ. ರಾಷ್ಟ್ರೀಯ ಪರ್ಮಿಟ್ ಇದ್ದರೆ ಅದನ್ನೂ ಹಿಂದೆ ಮುಂದೆ ದೊಡ್ಡದಾಗಿ ಬರೆಸಬೇಕು.

ಹೊಳೆಯುವ ಟೇಪಿನ ಮೇಲೆ ಬಣ್ಣ ಬಳಿಯಲು ದಯವಿಟ್ಟು ಬಿಡಬೇಡಿ. ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ರಾತ್ರಿ ಹೆದ್ದಾರಿಯ ಬದಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ಹಿಂದಿನಿಂದ ಬರುವ ಬೈಕ್ ಸವಾರನಿಗೆ ತೋರಿಸುವುದು ಅದೇ. ಕ್ಯಾಬಿನ್ ಬಣ್ಣವೇ ಬದಲಾಗುತ್ತಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ ಆರ್‌ಸಿಯಲ್ಲಿ ನಮೂದು ಮಾಡಿಸಿ.