ಮಿದುಳೋ ವೈರಸ್ಸೋ: ಒಂದನ್ನು ಬಿಡಬೇಕೇ?

ವಿರಾಜಪೇಟೆಯಿಂದ ಕೇಳಿದ್ದೀರಿ: ಬಿ.ವಿ.ಎಸ್ಸಿ. (ಪಶುವೈದ್ಯ ಪದವಿ) ಮುಗಿಯುತ್ತಿದೆ, ನರವಿಜ್ಞಾನವೂ ಇಷ್ಟ, ಪ್ರಾಣಿಗಳ ವೈರಸ್ಸೂ ಇಷ್ಟ, ಒಂದನ್ನು ಬಿಡಲೇಬೇಕಾ ಅಂತ.

ಬೇಡ. ಎರಡನ್ನೂ ಕೂಡಿಸುವ ಕೊಂಡಿ ಹಂದಿಯ ಹರ್ಪಿಸ್ ವೈರಸ್, ಅಂದರೆ ಸ್ಯೂಡೋರೇಬಿಸ್. ಅದರ ಬಾರ್ಥಾ ತಳಿ ಮೊದಲು ಬಂದದ್ದು ಹಂದಿಗಳ ಲಸಿಕೆಯಾಗಿ. ಜಿಇ, ಯುಎಸ್9 ಜೀನ್‌ಗಳು ಅದರಲ್ಲಿಲ್ಲ, ಹಾಗಾಗಿ ನರಕೋಶದಿಂದ ನರಕೋಶಕ್ಕೆ ಹಿಮ್ಮುಖವಾಗಿ, ಅಂದರೆ ನರಸಂಕೇತ ಹರಿಯುವ ದಿಕ್ಕಿಗೆ ಎದುರಾಗಿ ಮಾತ್ರ ದಾಟುತ್ತದೆ. ಇಲಿಯ ಸ್ನಾಯುವಿಗೆ ಚುಚ್ಚಿದರೆ, ಅದನ್ನು ಆಳುವ ಮಿದುಳಿನ ಕೋಶಗಳವರೆಗೆ ಜಾಡು ಸಿಗುತ್ತದೆ. ಎಡವುವುದು ಸಮಯದಲ್ಲಿ. ಅಂಗಾಂಶ ತೆಗೆಯುವುದು ತಡವಾದರೆ ವೈರಸ್ ಇನ್ನೂ ಒಂದೆರಡು ಸಿನಾಪ್ಸ್ (ಎರಡು ನರಕೋಶಗಳು ಕೂಡುವ ಜಾಗ) ದಾಟಿರುತ್ತದೆ, ನೇರ ಸಂಪರ್ಕ ಯಾವುದು, ಬಳಸುದಾರಿ ಯಾವುದು ಎಂದು ಹೇಳಲಾಗದು. 2007ರಲ್ಲಿ ಬಂದ, ರೇಬಿಸ್ ವೈರಸ್ ಬಳಸುವ ವಿಧಾನ ಈ ಗೊಂದಲ ತಪ್ಪಿಸಿತು: ಮುಂದಿನ ಕೋಶಕ್ಕೆ ದಾಟಲು ವೈರಸ್ಸಿಗೆ ಬೇಕಾದ ಜಿ ಜೀನ್ ತೆಗೆದು, ಮೊದಲ ಕೋಶಕ್ಕೆ ಮಾತ್ರ ಜಿ ಪ್ರೋಟೀನ್ ಒದಗಿಸುತ್ತಾರೆ. ಒಂದೇ ಸಿನಾಪ್ಸ್ ದಾಟಿ ನಿಲ್ಲುತ್ತದೆ.

ದಾರಿ? ಮೊದಲು ಎಂ.ವಿ.ಎಸ್ಸಿ. ಮೈಕ್ರೋಬಯಾಲಜಿ (ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನೋಡಿ), ಕೋಶ ಕೃಷಿ ಮತ್ತು ವೈರಸ್ ಟೈಟರ್ (ಎಷ್ಟು ವೈರಸ್ ಇದೆ ಎಂಬ ಪ್ರಮಾಣ) ಅಳೆಯುವುದು ಕೈಗೆ ಹತ್ತಲಿ. ಆಮೇಲೆ ಪಿಎಚ್‌ಡಿಗೆ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗ ವಿಚಾರಿಸಿ. ತಿರುಗುಮುರುಗಾಗಿ ಹೋದರೆ ವೈರಸ್ ಕೈಕೆಲಸ ಕಲಿಯುವುದೇ ಕಷ್ಟ. ರೇಬಿಸ್ ಲ್ಯಾಬಿಗೆ ಕಾಲಿಡುವ ಮುಂಚೆ ಮುನ್ನೆಚ್ಚರಿಕೆ ಲಸಿಕೆ ಹಾಕಿಸಿಕೊಂಡು, ರಕ್ತದಲ್ಲಿ ಪ್ರತಿಕಾಯ ಮಿ.ಲೀ.ಗೆ ಕನಿಷ್ಠ 0.5 ಐಯು (ಅಂತರರಾಷ್ಟ್ರೀಯ ಘಟಕ) ಇದೆಯೇ ನೋಡಿಸಿ.