ಯಾರೂ ಮುಟ್ಟದಾಗ ಓಡುವ ಹಾರ್ಡ್ ಡಿಸ್ಕ್

ಪ್ರಶ್ನೆ: ನಮ್ಮದು 12 ವರ್ಷ ಹಳೆಯ ಕಂಪ್ಯೂಟರ್. 500 ಜಿಬಿ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಮಗಳು ಶಾಲೆಯ ಕೆಲಸ ಮುಗಿಸಿ ಎದ್ದು ಹೋದ ಸ್ವಲ್ಪ ಹೊತ್ತಿಗೆ ಒಳಗಿಂದ ಕರಕರ ಶಬ್ದ ಶುರು, ಎದುರಿನ ಕೆಂಪು ಲೈಟು ಒಂದೇ ಸಮನೆ ಮಿನುಗುತ್ತದೆ. ಎಂತ ಅಂತ ನೋಡಲು ಮೌಸ್ ಮುಟ್ಟಿದರೆ ಗಪ್‌ಚಿಪ್! ಯಾರಾದರೂ ನೆಟ್ಟಿನಿಂದ ಒಳಗೆ ನುಗ್ಗಿದ್ದಾರಾ? ಅಂಗಡಿಯವರು ಫಾರ್ಮ್ಯಾಟ್ ಮಾಡುವ ಅನ್ನುತ್ತಾರೆ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಫಾರ್ಮ್ಯಾಟ್ ಸದ್ಯ ಬೇಡ ಮಾರಾಯ್ರೆ. ಮೌಸ್ ಮುಟ್ಟಿದರೆ ನಿಲ್ಲುತ್ತದೆ ಅಂದಿರಲ್ಲ, ನಿಮಗೆ ಹೆದರಿಕೆ ಆದದ್ದು ಅದರಿಂದ, ನನಗೆ ಸಮಾಧಾನ ಆದದ್ದೂ ಅದರಿಂದಲೇ.

ವಿಂಡೋಸ್‌ನಲ್ಲಿ ಆಟೋಮ್ಯಾಟಿಕ್ ಮೇಂಟೆನೆನ್ಸ್ ಅಂತ ಒಂದು ಏರ್ಪಾಡು ಉಂಟು. ವೈರಸ್ ಸ್ಕ್ಯಾನ್, ಅಪ್‌ಡೇಟ್, ಚದುರಿದ ಫೈಲುಗಳನ್ನು ಒಟ್ಟು ಮಾಡುವ ಡಿಫ್ರಾಗ್, ಇವೆಲ್ಲ ಅದರ ಪಾಲಿನ ಕೆಲಸ. ಮಾಮೂಲಿಯಾಗಿ ಇದಕ್ಕೆ ಇಟ್ಟಿರುವ ಹೊತ್ತು ರಾತ್ರಿ 2 ಗಂಟೆ. ಆ ಹೊತ್ತಿಗೆ ನಮ್ಮ ಕಡೆ ಯಾರ ಮನೆಯಲ್ಲಿ ಕಂಪ್ಯೂಟರ್ ಆನ್ ಇರುತ್ತದೆ ಹೇಳಿ? ಸಿಡಿಲಿಗೆ ಹೆದರಿ ಪ್ಲಗ್ಗನ್ನೇ ಕಿತ್ತಿಡುವವರು ನಾವು. ಹಾಗಾಗಿ ಬಾಕಿ ಬಿದ್ದ ಕೆಲಸವನ್ನೆಲ್ಲ ಅದು ಹಗಲು ಯಾರೂ ಮೌಸ್, ಕೀಬೋರ್ಡ್ ಮುಟ್ಟದ ಹೊತ್ತು ನೋಡಿ ಮಾಡುತ್ತದೆ, ನೀವು ಬಂದು ಕೂತ ಕೂಡಲೇ ಜಾಗ ಬಿಡುತ್ತದೆ. ಶಬ್ದ ಜಾಸ್ತಿ ಕೇಳುವುದು ಡಿಸ್ಕಿನ ಒಳಗಿನ ಸೂಜಿಯಂಥ ಹೆಡ್ಡಿನಿಂದ. ಅದು ಸಣ್ಣ ಸಣ್ಣ ಫೈಲು ಹುಡುಕಿಕೊಂಡು, ಒಂದೊಂದು ಅಡಿಕೆ ಹೆಕ್ಕಲೂ ತೋಟದ ಈ ತುದಿಯಿಂದ ಆ ತುದಿಗೆ ಹೋದ ಹಾಗೆ ಓಡಾಡುತ್ತಿರುತ್ತದೆ.

ಆದರೂ ಕಣ್ಣಾರೆ ನೋಡಿಬಿಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ರೆಸ್‌ಮಾನ್ ಅಂತ (ಆರ್, ಇ, ಎಸ್, ಎಂ, ಒ, ಎನ್) ಟೈಪ್ ಮಾಡಿ ಎಂಟರ್ ಕೊಡಿ. ರಿಸೋರ್ಸ್ ಮಾನಿಟರ್ ಬರುತ್ತದೆ. ಅದರಲ್ಲಿ ಡಿಸ್ಕ್ ಅಂತ ಇರುವ ಟ್ಯಾಬ್ ತೆಗೆದಿಟ್ಟು, ಸ್ಕ್ರೀನ್ ಆಫ್ ಆಗದ ಹಾಗೆ ಮಾಡಿ, ಪಕ್ಕದಲ್ಲಿ ಕೈಕಟ್ಟಿ ಕೂತುಕೊಳ್ಳಿ. ಮೌಸ್ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಕಳ್ಳ ಓಡುತ್ತಾನಲ್ವಾ! ಶಬ್ದ ಶುರುವಾದಾಗ ಯಾವ ಪ್ರೋಗ್ರಾಂ ಯಾವ ಫೈಲನ್ನು ಓದುತ್ತಿದೆ, ಬರೆಯುತ್ತಿದೆ ಅಂತ ಸಾಲಾಗಿ ಕಾಣುತ್ತದೆ. ಎಂಎಸ್‌ಎಂಪಿಎಂಗ್ ಅಂದರೆ ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್. ಸರ್ಚ್‌ಇಂಡೆಕ್ಸರ್ ಅಂದರೆ ಹುಡುಕಾಟಕ್ಕೆ ಪಟ್ಟಿ ಮಾಡುವವನು. ಟಿಐವರ್ಕರ್ ಅಂದರೆ ಅಪ್‌ಡೇಟ್. ಪೇಜ್‌ಫೈಲ್ ಹೆಸರು ಮೇಲಿಂದ ಮೇಲೆ ಬಂದರೆ ರ‍್ಯಾಮ್ ಸಾಲುತ್ತಿಲ್ಲ, ಡಿಸ್ಕೇ ರ‍್ಯಾಮಿನ ಕೆಲಸವನ್ನೂ ಮಾಡುತ್ತಿದೆ ಅಂತ ಲೆಕ್ಕ. ಗುರುತೇ ಇಲ್ಲದ ಹೆಸರು ಕಂಡರೆ ನೆಟ್ ವೈರ್ ಕಿತ್ತು, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡಿಸಿ.

ಇದಕ್ಕಿಂತ ಗಮನ ಕೊಡಬೇಕಾದ್ದು ಬೇರೆಯದಕ್ಕೆ. ಕರಕರ ಬಿಟ್ಟು ಟಕ್, ಟಕ್ ಅಂತ ಒಂದೇ ತಾಳದಲ್ಲಿ ಬಡಿಯುತ್ತಿದ್ದರೆ, ಅಥವಾ ಡಿಸ್ಕ್ 100 ಪರ್ಸೆಂಟ್ ಓಡುತ್ತಿದೆ ಅಂತ ತೋರಿಸಿ ಓದುವ ವೇಗ ಬರೀ ಕೆಬಿ ಲೆಕ್ಕದಲ್ಲಿದ್ದರೆ, ಡಿಸ್ಕೇ ಸಾಯುವ ಹಂತಕ್ಕೆ ಬಂದಿರಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸುವ ಫ್ರೀ ಪ್ರೋಗ್ರಾಂ ಉಂಟು, ಹಾಕಿ ನೋಡಿ. ಹಳದಿ ಬಣ್ಣದಲ್ಲಿ ಕಾಷನ್ ಅಂತ ಬಂತೋ, ಮೊದಲು ಫೋಟೋ, ಜಾಗದ ಕಾಗದಪತ್ರದ ಸ್ಕ್ಯಾನ್ ಎಲ್ಲ ಬೇರೆ ಕಡೆಗೆ ಕಾಪಿ ಮಾಡಿ. ಅದಕ್ಕೂ ಮುಂಚೆ ಡಿಫ್ರಾಗ್, ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್ ಅಂತ ಏನೂ ಓಡಿಸಬೇಡಿ, ಮುದಿ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾಗಬಹುದು.

ಖರ್ಚು ಮಾಡುವುದೇ ಆದರೆ ಫಾರ್ಮ್ಯಾಟಿಗೆ ಕೊಡುವ ದುಡ್ಡನ್ನೂ ಸೇರಿಸಿ 256 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ (ಒಳಗೆ ತಿರುಗುವ ಭಾಗವೇ ಇಲ್ಲದ ಡಿಸ್ಕ್) ಹಾಕಿಸಿ. ಹಳೆ ಡಿಸ್ಕಿನ ವೈರೇ ಅದಕ್ಕೂ ಆಗುತ್ತದೆ, ಶಬ್ದ ಅಂತೂ ಇರುವುದೇ ಇಲ್ಲ. ಅದಕ್ಕೆ ಪುನಃ ವಿಂಡೋಸ್ 10 ಹಾಕಿಸುವ ಮೊದಲು ಸ್ವಲ್ಪ ಯೋಚಿಸಿ, ಯಾಕೆಂದರೆ 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಸಪೋರ್ಟ್ ಮುಗಿದಿದೆ, 12 ವರ್ಷದ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. ಮಗಳು ಇಲ್ಲಿನ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿದ್ದರೆ, ವಿಂಡೋಸ್ ಬದಲು ಹಾಕಬಹುದಾದ ಕೈಟ್‌ನ (ಶಾಲೆಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕೇರಳ ಸರ್ಕಾರದ ಸಂಸ್ಥೆ) ಲಿನಕ್ಸ್ ಅವಳಿಗೆ ಹೊಸತಲ್ಲ. ಅದು ಫ್ರೀ, ಮನೆಯಲ್ಲೂ ಹಾಕಬಹುದು. ಹಾಕುವುದು ಹೇಗೆ ಅಂತ ಅವಳನ್ನೇ ಕೇಳಿ, ಅಂಗಡಿಯವರಿಗಿಂತ ಚೆನ್ನಾಗಿ ಗೊತ್ತಿದ್ದರೂ ಇರಬಹುದು.